ತೋಜಿಖಾನಳ ಗುಲಾಬಿಗೆ ಜಾಮೀನು

ಉಜ್ಗೆನ್ ಪಟ್ಟಣದ ನಮ್ಮ ಬೀದಿಯಲ್ಲಿ ಬೈಗುಳ ಕಲಿಯಬೇಕೆಂದರೆ ತೋಜಿಖಾನಳ ಮನೆಯ ಮುಂದೆ ಒಂದು ಬುಟ್ಟಿ ಕಸ ಸುರಿದರೆ ಸಾಕು. ಸುರಿದವನ ಏಳು ತಲೆಮಾರನ್ನು ಸಾಲಾಗಿ ನಿಲ್ಲಿಸಿ ಇಳಿಸುತ್ತಾಳೆ. ಅರವತ್ತು ದಾಟಿದ ಹೆಂಗಸು. ಬಾಯಲ್ಲಿ ಎರಡು ಚಿನ್ನದ ಹಲ್ಲು, ಎರಡೂ ಮೊಣಕಾಲಿಗೆ ಉಣ್ಣೆಯ ಪಟ್ಟಿ, ತಲೆಗೆ ಹೂವಿನ ಚಿತ್ರದ ವಸ್ತ್ರ. ಬೀದಿಯ ಚಿಕ್ಕವರಿಗೆಲ್ಲ ಅವಳು ‘ಓಪಾ’. ಅಕ್ಕ ಅನ್ನುವ ಮಾತು ಅದು. ಆದರೆ ಅವಳನ್ನು ಕರೆಯುವಾಗ ಅದರಲ್ಲಿ ಅಕ್ಕರೆಗಿಂತ ಹೆದರಿಕೆಯೇ ಹೆಚ್ಚು.

ಅಕ್ಕಿ ಗಿರಣಿಯಲ್ಲಿ ಮೂಟೆ ಹೊಲಿಯುತ್ತ ಹರೆಯ ಕಳೆದಳು. ಗಂಡ ರಷ್ಯಾಕ್ಕೆ ಗಾರೆ ಕೆಲಸಕ್ಕೆ ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ. ಸುದ್ದಿ ಕೇಳಿ ಹೆಂಗಸರು ಮುಖ ಸಪ್ಪೆ ಮಾಡಿಕೊಂಡು ಬಂದರೆ, ಇವಳು ಅವನ ಚಳಿಗಾಲದ ಬೂಟು ತಂದು ಮಧ್ಯದಲ್ಲಿಟ್ಟು, “ಅಳೋದೆಲ್ಲ ಆಮೇಲೆ, ನಿಮ್ಮನೇಲಿ ಯಾರ ಕಾಲಿಗಾಗುತ್ತೆ ನೋಡ್ರೇ, ಇನ್ನೂ ಗಟ್ಟಿ ಇದೆ” ಅಂದಳಂತೆ. ಕರೆಂಟಿಲ್ಲದ ಒಂದು ಚಳಿಗಾಲದಲ್ಲಿ ಸರ್ಕಾರದ ವಿರುದ್ಧ ನಾವು ಹೆದ್ದಾರಿಗೆ ಅಡ್ಡ ಕೂತಾಗಲೂ ಬಂದಿದ್ದಳು. ಹೆಗಲಿಗೆ ಹಳೇ ರಜಾಯಿಗಳ ಹೊರೆ. “ಘೋಷಣೆ ಕೂಗೋಕೆ ಮುಂಚೆ ಅಂಡಿನ ಕೆಳಗೆ ಏನಾದ್ರೂ ಹಾಕ್ಕೊಳ್ರೋ. ನಿಮಗೆ ಮೂಲವ್ಯಾಧಿ ಬಂದ್ರೆ ಸರ್ಕಾರ ಬೀಳಲ್ಲ.” ನಾನು ಬಹಳ ಭಾಷಣ ಕೇಳಿದ್ದೇನೆ, ಕೊಟ್ಟಿದ್ದೇನೆ. ಈಗ ನೆನಪಿರುವುದು ಇದೊಂದೇ.

ಬೀದಿಯ ಉದ್ದಕ್ಕೂ ಕಾಲುವೆ. ಕಾಲುವೆಗೂ ರಸ್ತೆಗೂ ನಡುವೆ ಒಂದು ಪಟ್ಟಿ ನೆಲ. ಹಿಂದೆ ಅದು ತಿಪ್ಪೆ. ಬೀದಿಯ ಹೆಂಗಸರನ್ನು ಕಟ್ಟಿಕೊಂಡು ತಿಪ್ಪೆ ಎತ್ತಿಸಿ, ಸಂತೆಯಿಂದ ಕಸಿ ಗುಲಾಬಿ ತಂದು ನೆಟ್ಟವಳು ತೋಜಿಖಾನ್. ಮುಷ್ಟಿ ಗಾತ್ರದ ಕೆಂಪು ಹೂವು. ನಗರ ಕಚೇರಿ ಒಂದು ಹಿಡಿ ಗೊಬ್ಬರ ಕೊಡಲಿಲ್ಲ. ಹೂ ಬಿಟ್ಟ ವರ್ಷ ಮಾತ್ರ ಬಂದು ಫೋಟೋ ತೆಗೆದುಕೊಂಡು ಹೋಯಿತು.

ಈ ಊರ ಚಳಿಗೆ ಅಂಥ ಗಿಡ ಬಯಲಲ್ಲಿ ಉಳಿಯುವುದಿಲ್ಲ. ಮೊದಲ ಹಿಮಕ್ಕೆ ಮುಂಚೆ ಕೊಂಬೆ ಬಗ್ಗಿಸಿ, ಮೇಲೆ ಮಣ್ಣು ಎಳೆದು ಹೂಳುತ್ತೇವೆ. ದ್ರಾಕ್ಷಿಗೂ ಅಷ್ಟೇ, ಅಂಜೂರಕ್ಕೂ ಅಷ್ಟೇ. ಹೂಳುವುದು ಸುಲಭ. ಯಾವಾಗ ತೆಗೆಯಬೇಕು ಅನ್ನುವಲ್ಲೇ ಎಲ್ಲರ ತಲೆ ಕೆಡುವುದು. ಬೇಗ ತೆಗೆದರೆ ಮಾರ್ಚ್ ತಿಂಗಳ ನೌರೋಜ್ ಹಬ್ಬಕ್ಕೆ ಮುಂಚೆ ಮುದುಕಿ ಚಳಿ ಬಂದು ಬಡಿಯುತ್ತದೆ. ಲೋಕವನ್ನು ಬಿಟ್ಟುಹೋಗಲು ಮನಸ್ಸಿಲ್ಲದ ಹಳೇ ಮುದುಕಿ ಕೊನೆಗೊಮ್ಮೆ ಕೈಗೆ ಸಿಕ್ಕಿದ್ದನ್ನು ಎಸೆದು ಹೋಗುತ್ತಾಳೆ ಅನ್ನುತ್ತಾರೆ. ತಡಮಾಡಿದರೆ ಮಣ್ಣಿನ ಬಿಸಿಗೆ ಗಿಡ ಒಳಗೇ ಬೆಂದು ಕೊಳೆಯುತ್ತದೆ.

ಈ ವರ್ಷ ಫೆಬ್ರವರಿ ಕೊನೆಗೆ ಬಿಸಿಲು ಹುಚ್ಚೆದ್ದಿತು. ಜನ ಕೋಟು ಬಿಚ್ಚಿ ಓಡಾಡಿದರು. ಕಾರು ಕಲಿಸುವ ಕೆಲಸದಿಂದ ನಿವೃತ್ತನಾದ ಎದುರು ಮನೆಯ ನಿಶಾನ್‌ಬಾಯ್ ಬೆಳಗ್ಗೆ ಬೇಲಿ ಮೇಲೆ ಕೈಯಿಟ್ಟು ಶುರು ಮಾಡಿದ.

“ತಂಗೀ, ನಿನ್ನ ಗುಲಾಬಿ ಒಳಗೆ ಉಸಿರು ಕಟ್ಟಿ ಸಾಯ್ತಿದೆ. ತೆಗಿ.”

ಪಕ್ಕದ ಮನೆಯ ಕುಮ್ರಿ, ತೋಜಿಖಾನಳ ನಾದಿನಿ, ಒಗೆದ ಬಟ್ಟೆ ಹಿಂಡುತ್ತಲೇ ಕೂಗಿದಳು. “ತೆಗೀಬೇಡ ಅತ್ತಿಗೇ! ಹಿಪ್ಪುನೇರಳೆ ಎಲೆ ಬಿಡೋವರೆಗೂ ನೆಲ ನಂಬಬಾರ್ದು ಅಂತ ಅಮ್ಮ ಹೇಳ್ತಿರ್ಲಿಲ್ವಾ?”

“ನಿಮ್ಮಮ್ಮ ಹೇಳಿದ್ದು ದನ ಹೊರಗೆ ಬಿಡೋದಕ್ಕೆ.”

“ದನಕ್ಕಾದ್ರೆ ಬೇರೆ ಚಳಿ, ಗುಲಾಬಿಗಾದ್ರೆ ಬೇರೆ ಚಳೀನಾ ಅಣ್ಣಾ?”

ತೋಜಿಖಾನ್ ಇಬ್ಬರನ್ನೂ ಬೈದಳು. ಆಮೇಲೆ ಮಣ್ಣಿಗೆ ಕೈ ಹಾಕಿ ನೋಡಿದಳು, ಬೆಚ್ಚಗಿತ್ತು. ತೆಗೆದಳು. ಮುದುಕಿ ಚಳಿ ಬಂತು. ರಾತ್ರಿ ಬೆಳಗಾಗುವಷ್ಟರಲ್ಲಿ ಕಾಲುವೆಯ ನೀರು ಗಾಜಾಯಿತು. ಹಳೇ ಗೋಣಿ, ಜೊಂಡಿನ ಚಾಪೆ, ಗಂಡ ಬಿಟ್ಟುಹೋದ ಕೋಟು, ಎಲ್ಲವನ್ನೂ ಗಿಡಗಳಿಗೆ ಹೊದಿಸಿದಳು. ಬೀದಿ ನೋಡಿದರೆ ಭಿಕ್ಷುಕರ ಸಾಲು ಕೂತ ಹಾಗಿತ್ತು.

ಹಬ್ಬ ಮುಗಿದ ಮೇಲೆ ಹೊದಿಕೆ ತೆಗೆದರೆ ಕೊಂಬೆಗಳು ಕರ್ರಗೆ, ಸುಟ್ಟ ಕಡ್ಡಿಯ ಹಾಗೆ. ಕೆಲವು ಕಡೆ ಕಂದು, ಕೆಲವು ಕಡೆ ಹಸಿರಿನಂಥದ್ದೇನೋ. ತೋಜಿಖಾನ್ ನಿಂತಲ್ಲೇ ನಿಂತಳು. ಮುದುಕಿ ಚಳಿಗೆ ಸತ್ತವೋ, ಅದಕ್ಕೂ ಮುಂಚೆ ಮಣ್ಣೊಳಗೇ ಕೊಳೆತಿದ್ದವೋ, ಜನವರಿಯ ಹಿಮ ಮಣ್ಣು ತೂರಿ ಹೋಗಿತ್ತೋ? ಅಥವಾ ಸತ್ತೇ ಇಲ್ಲವೋ? ಬೈಯೋಣವೆಂದರೆ ಯಾರನ್ನು ಬೈಯುವುದು?

ಅದೇ ವಾರ ನಗರ ಕಚೇರಿಯ ಕಾಗದ ಕಂಬಕ್ಕೆ ಅಂಟಿತು. ಚಳಿಗೆ ಸತ್ತ ಗಿಡಗಳಿರುವ ಜಾಗವನ್ನು ತೆರವು ಮಾಡಿ ವಾಹನ ನಿಲ್ಲಿಸಲು ಕೊಡಲಾಗುವುದು. ಬದುಕಿರುವ ಗಿಡಗಳಿಗೆ ತೊಂದರೆಯಿಲ್ಲ. ಯಾರ ವಾಹನ ಅಂತ ಬರೆದಿರಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ. ಬೀದಿ ಕೊನೆಯಲ್ಲಿ ಸಾವಿರ ಜನ ಕೂರುವ ಮದುವೆ ಹಾಲ್ ಏಳುತ್ತಿತ್ತು. ಅದರ ಯಜಮಾನ ಕಂಬ ನಿಲ್ಲಿಸುವಾಗ ಕಾರು ನಿಲ್ಲಿಸುವುದನ್ನು ಮರೆತಿದ್ದ. ಚಳಿ ಅವನಿಗೆ ದೇವರು ಕೊಟ್ಟ ಗುಮಾಸ್ತೆಯಾಗಿ ಬಂದಿತ್ತು.

“ಬದುಕಿದೆ ಅಂತ ತೋರಿಸಿದ್ರೆ ಮುಗೀತು ಓಪಾ,” ಅಂದೆ ನಾನು. “ಕಾಗದದಲ್ಲಿ ಅವರೇ ಬರೆದಿದ್ದಾರೆ.”

“ಅದೇ ಗೊತ್ತಾಗ್ತಿಲ್ವಲ್ಲೋ,” ಅಂದಳು. ಈ ಹೆಂಗಸಿನ ಬಾಯಲ್ಲಿ ‘ಗೊತ್ತಾಗ್ತಿಲ್ಲ’ ಅನ್ನುವ ಮಾತು ನಾನು ಕೇಳಿದ್ದು ಅದೇ ಮೊದಲು.

ಸಂತೆಯಲ್ಲಿ ಸಸಿ ಮಾರುವ ಮುದುಕನನ್ನು ಕೇಳಿಬಂದಳು. ಉಗುರಿನಿಂದ ತೊಗಟೆ ಕೆರೆ, ಒಳಗೆ ಹಸಿರಿದ್ದರೆ ಜೀವ ಇದೆ ಅಂದನಂತೆ. ಕೆರೆದಳು. ಒಂದು ಬದಿ ಹಸಿರು, ತಿರುಗಿಸಿ ಕೆರೆದರೆ ಕಂದು. ನಿನ್ನೆ ಹಸಿರಿದ್ದದ್ದು ಇವತ್ತು ಕಂದು. ನಿನ್ನೆ ಕೆರೆದದ್ದು ಇದೇ ಗಿಡವೋ ಪಕ್ಕದ್ದೋ ಎಂಬುದೇ ಮರೆತು, ಗುರುತಿಗೆ ಬಟ್ಟೆ ಚೂರು ಕಟ್ಟಿದಳು. ಬದುಕಿದ್ದಕ್ಕೆ ಕೆಂಪು, ಸತ್ತದ್ದಕ್ಕೆ ಬಿಳಿ. ಸಂಜೆ ಹೊತ್ತಿಗೆ ಅರ್ಧ ಗಿಡಗಳಿಗೆ ಎರಡೂ ಬಣ್ಣ ಇದ್ದವು. ಕೊಂಬೆ ಕತ್ತರಿಸಿ ತಿರುಳು ನೋಡು, ಬೆಳ್ಳಗಿದ್ದಲ್ಲಿಗೆ ನಿಲ್ಲಿಸು ಅಂತಲೂ ಮುದುಕ ಹೇಳಿದ್ದ. ತುದಿ ಕತ್ತರಿಸಿದಳು, ತಿರುಳು ಕಂದು. ಇನ್ನೊಂದು ಗೇಣು ಕೆಳಗೆ, ಕಂದು. ಇನ್ನೂ ಕೆಳಗೆ. ಬಿಳಿ ಹುಡುಕುತ್ತ ಹುಡುಕುತ್ತ ಗಿಡವೇ ಮುಗಿಯಿತು.

ನಿಶಾನ್‌ಬಾಯ್ ಬೇಲಿಯಿಂದ ಕೇಳಿದ. “ತಂಗೀ, ಗಿಡ ಸವರ್ತಿದ್ದೀಯೋ ಕ್ಷೌರ ಮಾಡ್ತಿದ್ದೀಯೋ?”

“ನಿಮ್ಮ ಮಾತು ಕೇಳಿ ತೆಗೆದಿದ್ದಕ್ಕೇ ಈ ಗತಿ. ಬಾಯಿ ಮುಚ್ಕೊಂಡು ಒಳಗೆ ಹೋಗಿ.”

“ನಾನು ಹೇಳಿದ್ದು ತೆಗಿ ಅಂತ. ತೆಗೆದು ಇಟ್ಕೋ ಅಂತಲ್ಲ. ರಾತ್ರಿ ಮತ್ತೆ ಮುಚ್ಬೇಕಾಗಿತ್ತು.”

“ಆವಾಗ ಹಾಗಂದ್ರಾ?”

ನಿಶಾನ್‌ಬಾಯ್ ಬೇಲಿಯಿಂದ ಕೈ ತೆಗೆದ. “ಅಂದಿರ್ಬೇಕು,” ಅಂದ.

ಕುಮ್ರಿಯದು ಬೇರೆ ರಗಳೆ. ಗೊಬ್ಬರ ಹಾಕು, ಶಕ್ತಿ ಬರುತ್ತೆ. ಜ್ವರ ಬಂದವನಿಗೆ ಪಲಾವ್ ತಿನ್ನಿಸುತ್ತಾರಾ ಅಂತ ಇವಳು. ತಿನ್ನಿಸದಿದ್ದರೆ ಎದ್ದೇಳುವುದು ಹೇಗೆ ಅಂತ ಅವಳು. ಕೊನೆಗೆ ತೋಜಿಖಾನ್ ಅರ್ಧ ಸಾಲಿಗೆ ಗೊಬ್ಬರ ಹಾಕಿದಳು. ರಾತ್ರಿ ಮನಸ್ಸು ಕೊರೆದು ಬೆಳಗ್ಗೆ ಅದನ್ನೆಲ್ಲ ಬಾಚಿ ತೆಗೆದಳು.

ಏಪ್ರಿಲ್ ಶುರುವಿನಲ್ಲಿ ಕಚೇರಿಯ ಹುಡುಗ ಬಂದ. ಹೆಸರು ದಿಲ್‌ಮುರಾದ್, ಕಾಲುವೆ ಆಚೆಯ ಬೀದಿಯವನೇ. ಹೊಸದಾಗಿ ಮದುವೆಯಾಗಿ, ಹೊಸದಾಗಿ ಕೆಲಸ ಸಿಕ್ಕಿದವನು. ಬೀದಿ ಜನ ಹೊರಗೆ ಬಂದು ನಿಂತಿದ್ದನ್ನು ನೋಡಿ ಗಂಟಲು ಸರಿಮಾಡಿಕೊಂಡ. ಒಂದು ಕೈಯಲ್ಲಿ ಅಳತೆ ಪಟ್ಟಿ, ಇನ್ನೊಂದರಲ್ಲಿ ಕೆಂಪು ಬಣ್ಣ ಸಿಂಪಡಿಸುವ ಡಬ್ಬಿ. ಸತ್ತ ಗಿಡದ ಬುಡಕ್ಕೆ ಒಂದು ಗುರುತು ಹೊಡೆಯುವುದು, ನಾಳೆ ಟ್ರ್ಯಾಕ್ಟರ್ ಬರುವುದು. ಅಷ್ಟೇ ಕೆಲಸ.

“ಓಪಾ, ನನಗೆ ಗಿಡದ ವಿಷಯ ತಿಳಿಯಲ್ಲ. ಯಾವುದು ಬದುಕಿದೆ ನೀವೇ ಹೇಳಿ. ಅದನ್ನ ಮುಟ್ಟಲ್ಲ.”

ಇಷ್ಟು ಮರ್ಯಾದೆಯಾಗಿ ಕೇಳಿದರೆ ಜಗಳ ಆಡುವುದು ಹೇಗೆ? ನಾನು ಹಿಂದಿನ ದಿನವೇ ಹೇಳಿಟ್ಟಿದ್ದೆ. ಎಲ್ಲ ಬದುಕಿದೆ ಅಂದುಬಿಡಿ, ಉಳಿದದ್ದು ನಾವು ನೋಡ್ಕೋತೀವಿ. ತೋಜಿಖಾನ್ ಬಾಯಿ ತೆರೆದಳು.

“ಇದು... ಬದುಕಿದೆ. ಅನ್ಸುತ್ತೆ. ಇದು ಇಲ್ಲ. ತಡಿ, ಇದೂ ಇರಬಹುದು. ಮೊನ್ನೆ ಹಸಿರಿತ್ತು.”

“ಇದಕ್ಕೆ ಎರಡೂ ಬಟ್ಟೆ ಕಟ್ಟಿದ್ದೀರಿ.”

“ಕಟ್ಟಿದ್ದೀನಿ. ಎರಡೂ ನಿಜ.”

ದಿಲ್‌ಮುರಾದ್ ಡಬ್ಬಿ ಅಲ್ಲಾಡಿಸಿದ. ಒಳಗೆ ಗೋಲಿ ಕಟಕಟ ಅಂತು. “ಓಪಾ, ಬೇಜಾರು ಮಾಡ್ಕೋಬೇಡಿ. ನೋಡೋಕೆ ಎಲ್ಲಾ ಸತ್ತ ಹಾಗೇ ಇದೆ.”

“ನೋಡೋಕೆ ಹಾಗೇ ಇದೆ,” ಅಂತ ನಿಶಾನ್‌ಬಾಯ್ ತಲೆಯಾಡಿಸಿದ. “ಬುಡಕ್ಕೆ ಕತ್ತರಿಸಬೇಕಾಗಿತ್ತು. ನಾನು ಹೇಳ್ತಾನೇ ಇದ್ದೆ.”

“ಯಾವಾಗ ಹೇಳಿದ್ರಣ್ಣ? ಮುಟ್ಟಬೇಡಿ ಅಂದಿದ್ದು ನಾನು. ಇನ್ನೂ ಹಿಪ್ಪುನೇರಳೆನೇ ಚಿಗುರಿಲ್ಲ!” ಅಂತ ಕುಮ್ರಿ.

ಇಬ್ಬರೂ ಅವಳ ಎರಡು ಕಿವಿಗೂ ಒಟ್ಟಿಗೇ ಕೂಗುತ್ತಿದ್ದರು. ತೋಜಿಖಾನಳ ಮುಖ ಕೆಂಪಗಾಯಿತು. ಅಲ್ಲೇ ಬಿದ್ದಿದ್ದ ಗುದ್ದಲಿ ಎತ್ತಿಕೊಂಡು ಮೊದಲ ಗಿಡದ ಮುಂದೆ ನಿಂತಳು.

“ಏಯ್ ದರಿದ್ರದ್ದೇ! ಮಣ್ಣಿಗೆ ಹಾಕ್ದೆ, ಮಣ್ಣಿಂದ ತೆಗೆದೆ. ಕೋಟು ಹೊದಿಸ್ದೆ. ಇದ್ರೆ ಇದ್ದೀನಿ ಅನ್ನು, ಸತ್ರೆ ಸತ್ತೆ ಅನ್ನು! ಹೂ ಬಿಡ್ತೀಯೋ, ಇಲ್ಲಾ ಇಲ್ಲೇ ಕಡಿದು ಒಲೆಗೆ ಹಾಕ್ಲೋ?”

ಗುದ್ದಲಿ ತಲೆಯ ಮೇಲೆ ಹೋಯಿತು. ದಿಲ್‌ಮುರಾದ್ ಕೈಯಲ್ಲಿದ್ದ ಡಬ್ಬಿ ಬಿಸಾಡಿ ಓಡಿಬಂದು ಗುದ್ದಲಿಯ ಕಾವು ಹಿಡಿದ.

“ಬೇಡ, ಕಡೀಬೇಡಿ! ನಾನು ಜಾಮೀನು! ಈ ವರ್ಷ ಹೂ ಬಿಡುತ್ತೆ, ನಾನು ಜಾಮೀನು!”

ಗುಂಪಿನಲ್ಲಿ ಯಾರೋ ಕಿಸಕ್ಕೆಂದರು.

ಕಾಯಿ ಬಿಡದ ಮರವನ್ನು ಹೆದರಿಸುವುದು ನಮ್ಮಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತು. ಒಬ್ಬ ಕೊಡಲಿ ಎತ್ತಿ ಮರವನ್ನು ಗದರಿಸಬೇಕು. ಇನ್ನೊಬ್ಬ ಓಡಿಬಂದು ಕೈ ಹಿಡಿದು ಈ ವರ್ಷ ಬಿಡುತ್ತದೆ, ನಾನು ಜಾಮೀನು ಅನ್ನಬೇಕು. ಮರ ಕೇಳಿಸಿಕೊಂಡು ಹೆದರಿ ಕಾಯಿ ಕಚ್ಚುತ್ತದೆ. ನಂಬುವವರೂ ಮಾಡುತ್ತಾರೆ, ನಂಬದವರೂ ಮಾಡುತ್ತಾರೆ. ಮರದ ಮುಂದೆ ಕೊಡಲಿ ಎತ್ತಿದ್ದನ್ನು ಕಂಡರೆ ಆ ಮಾತು ಸೀನು ಬಂದ ಹಾಗೆ ಬಂದುಬಿಡುತ್ತದೆ. ಹುಡುಗನಿಗೂ ಬಂದಿತ್ತು, ಕಚೇರಿಯ ಕೆಲಸಕ್ಕೆ ಬಂದವನಿಗೆ.

“ಅಪ್ಪಾ ದಿಲ್‌ಮುರಾದ್,” ಅಂದ ನಿಶಾನ್‌ಬಾಯ್, ಕಾರು ಕಲಿಸುವ ಕಾಲದ ಗಂಭೀರ ದನಿಯಲ್ಲಿ. “ಜಾಮೀನು ನಿಂತೆ.”

“ಅದು... ಬಾಯಿ ತಪ್ಪಿ ಬಂತು ಮಾವ. ನಾನು ಆಫೀಸಿಂದ ಬಂದಿದ್ದೀನಿ.”

“ಗಿಡಕ್ಕೆ ಆಫೀಸು ಗೊತ್ತಿಲ್ಲ. ನಿನ್ನ ದನಿ ಕೇಳಿಸ್ಕೊಂಡಿದೆ.”

“ಜಾಮೀನು ನಿಂತ ಗಿಡನ ನೀನೇ ಕೀಳಿಸ್ತೀಯೇನೋ?” ಕುಮ್ರಿ ಸೊಂಟಕ್ಕೆ ಕೈ ಕೊಟ್ಟಳು. “ಹೊಸ ಮದುವೆ ಬೇರೆ. ಹೂ ಬಿಡೋದಕ್ಕೆ ಕೊಟ್ಟ ಮಾತು ಮುರಿದ್ರೆ ಮನೆ ತೊಟ್ಟಿಲಿಗೆ ಏನಾಗುತ್ತೆ ಅಂತ ನಿಮ್ಮಮ್ಮನ್ನ ಕೇಳು, ಹೋಗು.”

ಹುಡುಗನ ಕಿವಿ ಕೆಂಪಾಯಿತು. “ಒಂದು ಗಿಡಕ್ಕೆ ತಾನೇ ನಿಂತಿದ್ದು?” ಅಂದ ಕ್ಷೀಣವಾಗಿ. ಅದರ ಮೇಲೆ ಪಂಚಾಯಿತಿ ಶುರುವಾಯಿತು. ಒಂದಕ್ಕೋ, ಎಲ್ಲಕ್ಕೋ? ಗುದ್ದಲಿ ಇದ್ದದ್ದು ಮೊದಲ ಗಿಡದ ಮೇಲೆ. ಆದರೆ ತೋಜಿಖಾನ್ ಬೈದದ್ದು ಯಾರನ್ನು? ಕೋಟು ಹೊದಿಸಿದ್ದು ಮೂರನೆಯದಕ್ಕೆ, ಹಾಗಾಗಿ ಬೈದದ್ದು ಎಲ್ಲಕ್ಕೂ ಸೇರಿ ಅಂತ ನಿಶಾನ್‌ಬಾಯ್ ತೀರ್ಪು ಕೊಟ್ಟ. ಹುಡುಗ ಬಣ್ಣದ ಡಬ್ಬಿ ಹುಡುಕಿದ, ಕಾಲುವೆಯಲ್ಲಿ ತೇಲಿಹೋಗಿತ್ತು. ‘ಹೂವಿನ ಕಾಲದವರೆಗೆ ಪರೀಕ್ಷೆ ಮುಂದೂಡಲಾಗಿದೆ’ ಅಂತ ಬರೆದುಕೊಂಡು, ಯಾರ ಮುಖವನ್ನೂ ನೋಡದೆ ಹೋದ.

ಎಲ್ಲರೂ ಹೋದ ಮೇಲೆ ಕೇಳಿದೆ. “ಓಪಾ, ಬೇಕಂತಲೇ ಗುದ್ದಲಿ ಎತ್ತಿದ್ರಾ?”

“ಇಲ್ವೋ, ನಿಜವಾಗ್ಲೂ ಕಡಿಯೋಕೆ ಹೋಗಿದ್ದೆ.” ಗುದ್ದಲಿ ಬೇಲಿಗೆ ಒರಗಿಸಿ, “ಅನ್ಸುತ್ತೆ,” ಅಂದಳು.

ನಮ್ಮ ಬೀದಿಯ ಲೆಕ್ಕದಲ್ಲಿ ಜಾಮೀನು ನಿಂತವನು ನೀರೂ ಹಾಕಬೇಕು. ಹಾಗಂತ ಅವನ ಅಮ್ಮನಿಗೆ ಕುಮ್ರಿಯೇ ಹೋಗಿ ಹೇಳಿ ಬಂದಳು. ದಿಲ್‌ಮುರಾದ್ ಕಚೇರಿ ಬಿಟ್ಟ ಮೇಲೆ ಪ್ಯಾಂಟು ಮಡಿಸಿ ಕಾಲುವೆಯಿಂದ ಬಕೆಟ್ ಎತ್ತತೊಡಗಿದ. ತೋಜಿಖಾನ್ ಅವನಿಗೂ ಬೈದಳು. “ತಲೆ ಮೇಲೆ ಹುಯ್ಯಬೇಡ್ವೋ, ಬುಡಕ್ಕೆ ಹುಯ್ಯಿ! ಮದುವೆ ಸ್ನಾನ ಮಾಡಿಸ್ತಿದ್ದೀಯಾ?”

ಹಿಪ್ಪುನೇರಳೆ ಎಲೆ ಬಿಟ್ಟಿತು. ಅದರ ಬೆನ್ನಿಗೇ ಒಂದು ಬೆಳಗ್ಗೆ ತೋಜಿಖಾನ್ ನಮ್ಮ ಬಾಗಿಲು ಬಡಿದಳು. ಗುಲಾಬಿ ಬುಡದಲ್ಲಿ ಚಿಗುರು! ಒಂದಲ್ಲ, ಸಾಲಿನ ಮುಕ್ಕಾಲು ಭಾಗಕ್ಕೆ. ನೆಲ ಸೀಳಿಕೊಂಡು ಬೆರಳು ದಪ್ಪದ ಹಸಿರು. ಅವಳು ಕುಮ್ರಿಯನ್ನು ತಬ್ಬಿಕೊಂಡಳು, ನಿಶಾನ್‌ಬಾಯ್‌ನನ್ನು ಬೈಯಲಿಲ್ಲ. ಆ ಚಿಗುರು ಮೇ ತಿಂಗಳ ಹೊತ್ತಿಗೆ ಆಳೆತ್ತರ ಚಿಮ್ಮಿತು. ಇಷ್ಟು ಜೋರಾಗಿ ಈ ಗಿಡ ಯಾವತ್ತೂ ಬೆಳೆದಿರಲಿಲ್ಲ. ಅದೇ ಅನುಮಾನಕ್ಕೆ ದಾರಿಯಾಯಿತು.

ನಿಶಾನ್‌ಬಾಯ್ ಕನ್ನಡಕ ಏರಿಸಿ ಬಗ್ಗಿ ನೋಡಿದ. “ತಂಗೀ, ಇದು ಗುಲಾಬಿ ಎಲೆ ಅಲ್ಲ. ಸಣ್ಣಕ್ಕಿದೆ, ಮುಳ್ಳು ಕೊಕ್ಕೆ ಹಾಗಿದೆ. ಇದು ಬೆಟ್ಟದ ಕಾಡುಗುಲಾಬಿ.”

“ಕಾಡುಗುಲಾಬಿ ನಿಮ್ಮಪ್ಪ ನೆಟ್ಟನಾ ಇಲ್ಲಿ? ನಾನು ನೆಟ್ಟಿದ್ದು ಸಂತೆ ಗುಲಾಬಿ.”

ಆದರೆ ಹೊರಟಳು ಸಂತೆಗೆ. ಮುದುಕ ಒಂದು ಎಲೆ ನೋಡಿ ಹೇಳಿದನಂತೆ. ಕಸಿ ಗುಲಾಬಿ ಅಂದರೆ ಕಾಡಿನ ಬೇರಿನ ಮೇಲೆ ಊರಿನ ಕೊಂಬೆ ಕಟ್ಟಿದ್ದು. ಮೇಲಿನದು ಚಳಿಗೆ ಸತ್ತಿದೆ, ಬೇರು ತನ್ನದನ್ನು ತಾನು ಬಿಟ್ಟಿದೆ. ಕಸಿಯ ಗಂಟಿನ ಕೆಳಗಿಂದ ಬಂದದ್ದನ್ನೆಲ್ಲ ಕಿತ್ತುಹಾಕು.

“ಕಿತ್ರೆ ಏನುಳಿಯುತ್ತೆ ಅಂದೆ. ಏನೂ ಉಳಿಯಲ್ಲ ಅಂದ,” ಅಂತ ಬಂದು ಹೇಳಿದಳು. ಕಟ್ಟೆ ಮೇಲೆ ಕೂತು ಮೊಣಕಾಲು ಒತ್ತಿಕೊಂಡಳು. “ಹಾಗಾದ್ರೆ ಬದುಕಿದೆಯೋ, ಸತ್ತಿದೆಯೋ? ನಾನು ಇಷ್ಟು ವರ್ಷ ನೀರು ಹಾಕಿದ್ದು ಯಾರಿಗೆ?”

ನನಗಂತೂ ಇದರಲ್ಲಿ ಗೊಂದಲ ಕಾಣಲಿಲ್ಲ. ಪಟ್ಟಿ ಉಳಿಯಬೇಕು, ಹಸಿರು ನಿಂತಿದೆ, ಬಾಯಿ ಮುಚ್ಚಿಕೊಂಡಿದ್ದರಾಯಿತು. ಹಾಗೇ ಹೇಳಿದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, “ನಿನಗೆ ಜಾಗ ಬೇಕು. ನನಗೆ ಗುಲಾಬಿ ಬೇಕಿತ್ತು,” ಅಂದಳು.

ಮೇ ಕೊನೆಗೆ ಹೂ ಬಿಟ್ಟವು. ಐದೇ ಎಸಳು, ತೆಳು ಗುಲಾಬಿ ಬಣ್ಣ, ಗಾಳಿ ಬಂದರೆ ಉದುರುವಂಥವು. ಗಿಡದ ತುಂಬ. ಜೇನುನೊಣಗಳ ಸದ್ದಿಗೆ ಬೀದಿ ಗುಂಯ್ ಅನ್ನುತ್ತಿತ್ತು. ಸಾಲಿನ ಕೊನೆಯ ಕೆಲವು ಗಿಡಗಳು ಮಾತ್ರ ಏಳಲೇ ಇಲ್ಲ. ಕರೀ ಗೂಟಗಳಾಗಿ ನಿಂತಿದ್ದವು.

ದಿಲ್‌ಮುರಾದ್ ಹೊಸ ಡಬ್ಬಿ ಹಿಡಿದು ಬಂದ. ನಿದ್ದೆಗೆಟ್ಟ ಮುಖ. “ಓಪಾ, ಮೇಲಿನವರು ಒಂದು ಮಾತು ಕೇಳಿಬಾ ಅಂದಿದ್ದಾರೆ. ಮದುವೆ ಹಾಲಿನವರ ಕಡೆಯ ಯಾರೋ ಹೇಳಿದ್ದಾರಂತೆ, ಇದು ಗುಲಾಬಿ ಅಲ್ಲ, ಕಾಡು ಪೊದೆ, ನೆಟ್ಟ ಗಿಡ ಸತ್ತಿದೆ ಅಂತ. ನೀವು ನೆಟ್ಟಿದ್ದು ಇದೇನಾ? ನೀವು ಹೇಳಿದ್ದನ್ನೇ ಬರೀತೀನಿ.”

ನಾನು ಅವಳ ಬೆನ್ನ ಹಿಂದೆ ನಿಂತು ‘ಹೌದು ಅನ್ನಿ, ಹೌದು ಅನ್ನಿ’ ಅಂತ ಹಲ್ಲು ಕಚ್ಚಿದೆ. ತೋಜಿಖಾನ್ ಸಾಲಿನ ಈ ತುದಿಯಿಂದ ಆ ತುದಿಗೆ ನಡೆದಳು, ವಾಪಸ್ ಬಂದಳು.

“ಆ ಕೊನೇಲಿರೋದು ಸತ್ತಿದೆ. ಅದು ಗೊತ್ತು. ಅದಕ್ಕೆ ಗುರುತು ಹೊಡ್ಕೋ.”

“ಓಪಾ!” ಅಂದೆ ನಾನು.

“ಸತ್ತದ್ದನ್ನ ಬದುಕಿದೆ ಅನ್ನೋಕಾಗಲ್ಲ, ಸುಮ್ನಿರು.” ಮತ್ತೆ ಹುಡುಗನ ಕಡೆ ತಿರುಗಿದಳು. “ಇವು... ನಾನು ನೆಟ್ಟ ಹಾಗೆ ಇಲ್ಲ. ನೆಟ್ಟ ಗುಂಡಿಯಿಂದಲೇ ಬಂದಿವೆ. ಏನನ್ನಬೇಕೋ ನಂಗೆ ಗೊತ್ತಿಲ್ಲಪ್ಪ. ನೀನು ಏನಂತ ಜಾಮೀನು ನಿಂತಿದ್ದೆ?”

“ಹೂ ಬಿಡುತ್ತೆ ಅಂತ.”

“ಬಿಟ್ಟಿದೆಯಾ?”

ದಿಲ್‌ಮುರಾದ್ ಗಿಡಗಳನ್ನು ನೋಡಿದ. ಅವನ ತೋಳಿನ ಮೇಲೊಂದು ಜೇನುನೊಣ ಕೂತಿತ್ತು. “ಬಿಟ್ಟಿದೆ,” ಅಂದ. ‘ಬದುಕಿವೆ, ಹೂ ಬಿಟ್ಟಿವೆ’ ಅಂತ ಬರೆದು ಕೆಳಗೆ ತನ್ನ ಹೆಸರು ಹಾಕಿದ. ಯಾವ ಹೂ ಅಂತ ಬರೆಯಲಿಲ್ಲ. ಕೊನೆಯ ಗೂಟಗಳಿಗೆ ಕೆಂಪು ಗುರುತು ಹೊಡೆದ.

ಟ್ರ್ಯಾಕ್ಟರ್ ಬಂದು ಅಷ್ಟನ್ನು ಕಿತ್ತುಕೊಂಡು ಹೋಯಿತು. ಆ ತುಂಡು ಜಾಗದಲ್ಲಿ ಆರೇಳು ಕಾರು ನಿಲ್ಲಬಹುದು, ಸಾವಿರ ಜನದ ಮದುವೆಗೆ. ಇಡೀ ಪಟ್ಟಿಗೆ ಕೂಗಾಡಬೇಕಿತ್ತು ಅಂತ ನನಗೆ ಈಗಲೂ ಸಿಟ್ಟಿದೆ.

ಮರುದಿನ ಬೆಳಗ್ಗೆ ನೋಡಿದರೆ ತೋಜಿಖಾನ್ ಕತ್ತರಿ ಹಿಡಿದು ಮೂರನೆಯ ಗಿಡದ ಮುಂದೆ ಮಣೆ ಹಾಕಿ ಕೂತಿದ್ದಳು. ಕಾಡು ಚಿಗುರುಗಳ ನಡುವೆ, ಕಸಿಯ ಗಂಟಿನ ಮೇಲಿಂದ, ಅವಳು ನೆಟ್ಟ ಗುಲಾಬಿಯದೇ ಬೆರಳುದ್ದದ ಕೆಂಪು ಚಿಗುರೊಂದು ಇಣುಕಿತ್ತು. ಸುತ್ತಲಿನದನ್ನು ಸವರಿದರೆ ಅದಕ್ಕೆ ಬಿಸಿಲು, ಸವರದಿದ್ದರೆ ಸಾಯುತ್ತದೆ. ಸವರಿದ ಮೇಲೆ ಅದೂ ಸತ್ತರೆ ಇಲ್ಲೊಂದು ಗೂಟ, ಗೂಟದ ಜಾಗಕ್ಕೊಂದು ಕಾರು.

“ಸವರಬೇಕು,” ಅಂದ ನಿಶಾನ್‌ಬಾಯ್ ಬೇಲಿಯಿಂದ.

“ಮುಟ್ಟಬೇಡ ಅತ್ತಿಗೇ,” ಅಂದಳು ಕುಮ್ರಿ.

ತೋಜಿಖಾನ್ ಇಬ್ಬರನ್ನೂ ಬೈಯಲಿಲ್ಲ. ಒಂದು ಕಾಡು ಚಿಗುರನ್ನು ಕತ್ತರಿಸಿದಳು. ಪಕ್ಕದ್ದನ್ನು ಹಿಡಿದು ಬಹಳ ಹೊತ್ತು ನೋಡಿ, ಬಿಟ್ಟಳು.